‘ಸಾಮರ್ಥ್ಯ’ ಅಂದರೆ ಎರಡೂ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಗಾರ್ಮೆಂಟ್ಸ್‌ನವರಿಗೆ ತರಬೇತಿ ಪುಸ್ತಿಕೆ ಬರೆದುಕೊಡುತ್ತಿದ್ದೇನೆ. ಮಾಡಿದ್ದೇ ಮಾಡೋ ಕೆಲಸ ಮುಂದೆ ಮಷೀನು, ಕಂಪ್ಯೂಟರ್ ಪಾಲಾಗುತ್ತೆ, ಕಂಪನಿಗೆ ಬೇಕಾಗೋದು ಕೆಲಸಗಾರರ ಹೊಸ ಯೋಚನೆ ಅನ್ನೋದು ಅದರ ವಿಷಯ. ಬರೆಯುವಾಗ ಎರಡು ಪದ ತೊಡಕಾದವು.

‘ಸೃಜನಶೀಲತೆ’ ಅಂದರೆ ನಮ್ಮ ಜನಕ್ಕೆ ಕವಿಗೋಷ್ಠಿ ನೆನಪಾಗುತ್ತೆ. ಅಲ್ಲಿ ಒಬ್ಬ ಅಕ್ಕ ದಾರ ಕತ್ತರಿಸೋ ಕತ್ತರಿಗೆ ಎಲಾಸ್ಟಿಕ್ ತುಂಡು ಕಟ್ಟಿ ಮಷೀನಿಗೆ ನೇತುಹಾಕಿಕೊಂಡಿದ್ದಾರೆ. ಬಟ್ಟೆ ರಾಶಿಯಲ್ಲಿ ಕತ್ತರಿ ಹುಡುಕೋದು ತಪ್ಪಿತು. ‘ಏನ್ ತಲೆ ಓಡ್ಸೀಯವ್ವಾ!’ ಅಂದರು ಸೂಪರ್‌ವೈಸರ್. ಹಾಗಾಗಿ ‘ತಲೆ ಓಡಿಸೋದು’ ಅಂತಲೇ ಬರೆದೆ. ಅದು ಮುಗೀತು.

ತಲೆನೋವು ‘ಸಾಮರ್ಥ್ಯ’ದ್ದು. ಇವತ್ತು ಎಷ್ಟು ಮಾಡಬಲ್ಲರು ಅನ್ನೋದಕ್ಕೂ, ಮುಂದೆ ಏನಾಗಬಲ್ಲರು ಅನ್ನೋದಕ್ಕೂ ಇದೊಂದೇ ಪದ. ಕರಡಿನಲ್ಲಿ ‘ನಿಮ್ಮ ಸಾಮರ್ಥ್ಯ’ ಅಂತ ಖಾಲಿ ಜಾಗ ಬಿಟ್ಟಿದ್ದಕ್ಕೆ ಒಬ್ಬರು ‘ಗಂಟೆಗೆ 60 ಕಾಲರ್’ ಅಂತ ತುಂಬಿಸಿಕೊಟ್ಟರು! ಅವರದೇನೂ ತಪ್ಪಿಲ್ಲ, ಪದ ಕೇಳಿದ್ದೇ ಅದನ್ನ.

ಪುಸ್ತಿಕೆಯಲ್ಲಿ ಅಮೆರಿಕದ ತ್ರೀಎಂ ಕಂಪನಿಯ ಕಥೆಯೂ ಇದೆ. ಅಲ್ಲಿನ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡಲು ಹೊರಟವರು. ಆಗಿದ್ದು ಎಳೆದರೆ ಕಿತ್ತು ಬರೋ ಅಂಟು. ಅದನ್ನ ಏನು ಮಾಡಬೇಕು ಅಂತ ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. ಅಲ್ಲೇ ಕೆಲಸಕ್ಕಿದ್ದ ಆರ್ಟ್ ಫ್ರೈಗೆ ಬೇರೆಯೇ ತೊಂದರೆ, ಚರ್ಚಿನ ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿ ಜಾರಿ ಬೀಳುತ್ತಿತ್ತು. ಚೀಟಿಗೆ ಆ ಅಂಟು ಹಚ್ಚಿದರೆ ಹೇಗೆ ಅಂತ ಅವರಿಗೆ ಹೊಳೆಯಿತು. ಕೆಲಸದ ಹೊತ್ತಿನ ಶೇ 15ರಷ್ಟನ್ನು ಸ್ವಂತ ಯೋಚನೆಗೆ ಬಳಸಲು ಆ ಕಂಪನಿಯಲ್ಲಿ ಬಿಡ್ತಾರೆ. 1980ರಲ್ಲಿ ಪೋಸ್ಟ್-ಇಟ್ ಚೀಟಿ ಅಮೆರಿಕದ ಉದ್ದಗಲಕ್ಕೂ ಮಾರಾಟಕ್ಕೆ ಬಂತು. ಅಂಟಾಗಿ ಅದರ ಸಾಮರ್ಥ್ಯ ಕಮ್ಮಿಯೇ. ಒಳಗೆ ಅಡಗಿದ್ದದ್ದು ಮಾತ್ರ ಬಹಳ. ಅದಕ್ಕೆ ಹೆಸರೇನು?

ವಿಜ್ಞಾನದ ಪಾಠದ ‘ಪ್ರಚ್ಛನ್ನ’ (ಒಳಗೆ ಅಡಗಿರೋದು) ಹೊಲಿಗೆ ಮಷೀನಿನ ಮುಂದೆ ನಡೆಯಲ್ಲ. ‘ಕಸುವು’ ನನಗಿಷ್ಟ, ಆದರೆ ಜನ ಮೈಬಲ ಅಂದುಕೊಳ್ಳುತ್ತಾರೆ. ‘ಹುಡುಗ ಪಿಕಪ್ ಆಗ್ತಾನೆ’ ಅಂತಾರಲ್ಲ, ಅದು ಕಲಿಯೋ ವೇಗ ಅಷ್ಟೇ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ‘ಈ ಅಕ್ಕಿ ಚೆನ್ನಾಗಿ ಅರಳುತ್ತೆ’ ಅಂತಾರೆ, ಬಿಸಿ ಮರಳಿಗೆ ಹಾಕೋ ಮುಂಚೆಯೇ. ಅರ್ಥ ಸರಿಯಾಗಿ ಕೂರುತ್ತೆ, ಅಲ್ವಾ? ಆದರೆ ಫಾರಂನಲ್ಲಿ ‘ನಿಮ್ಮ ಅರಳುವ ಗುಣ’ ಅಂತ ಹಾಕಿದರೆ ನಕ್ಕುಬಿಡ್ತಾರೆ.

ಚಿತ್ರದುರ್ಗ, ಹರಿಹರದ ಕಡೆ ಹೊಸಬರನ್ನು ನೋಡಿ ಮೇಸ್ತ್ರಿಗಳು ಏನಂತಾರೆ? ಒಂದೇ ಮಾತಲ್ಲಿ ಹೇಳೋ ಪದ ಇದ್ದರೆ ತಿಳಿಸಿ. ಸದ್ಯಕ್ಕೆ ಆ ಜಾಗದಲ್ಲಿ ‘ಅವಕಾಶ ಕೊಟ್ಟರೆ ಇನ್ನೇನು ಮಾಡಬಲ್ಲಿರಿ?’ ಅಂತ ಹಾಕಿ ಅಚ್ಚಿಗೆ ಕಳಿಸದೆ ಇಟ್ಟುಕೊಂಡಿದ್ದೇನೆ.