ಅಪ್‌ಡೇಟ್: ಚಿಕ್ಕಮಗಳೂರು ಸೈಕಲ್ ಟ್ರಿಪ್ ಮುಗಿಸಿ ಬಂದೆವು

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ನಾವು ಎಂಟು ಜನ, ಐವರು ಸೈಕಲ್, ಮೂವರು ನಡಿಗೆ, ಒಂದೇ ಹೋಂಸ್ಟೇಯಲ್ಲಿದ್ದು ಎಲ್ಲರೂ ಒಟ್ಟಿಗೆ ಸುತ್ತುವುದು ಹೇಗೆ ಅಂತ. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗುವ ಭಯವೂ ಇತ್ತು.

"ಒಟ್ಟಿಗೆ ಹೊರಡಬೇಡಿ, ಮೇಲೆ ಸೇರಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ನಡೆಯುವವರು ಸರ್ಪದಾರಿ ಎಂಬ ಕಾಲುದಾರಿ ಹಿಡಿದು ಮುಳ್ಳಯ್ಯನಗಿರಿಗೆ ಹತ್ತಿದರು. ನಾವು ಕೈಮರ ಚೆಕ್‌ಪೋಸ್ಟ್‌ನಿಂದ ರಸ್ತೆಯಲ್ಲಿ ಸೀತಾಳಯ್ಯನಗಿರಿ ಮೂಲಕ ಅಲ್ಲಿಗೇ ತುಳಿದೆವು. ನಾವು ಏದುಸಿರು ಬಿಡುತ್ತಾ ಮೇಲೆ ಮುಟ್ಟುವಷ್ಟರಲ್ಲಿ ಅವರು ಮಂಡಕ್ಕಿ ತಿಂದು ಮುಗಿಸಿದ್ದರು! ಮುಳ್ಳಯ್ಯನಗಿರಿ 1,930 ಮೀಟರ್ ಬೆಟ್ಟ, ಸುಮ್ನೆ ಅಲ್ಲ.

ಬ್ರೇಕ್ ವಿಷಯ: ಉದ್ದಕ್ಕೂ ಮೆಲ್ಲಗೆ ಹಿಡಿದುಕೊಂಡೇ ಇಳಿಯಿರಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಎರಡೇ ತಿರುವಿಗೆ ನನ್ನ ರಿಮ್ (ಬ್ರೇಕ್ ಒತ್ತುವ ಚಕ್ರದ ಅಂಚು) ಮುಟ್ಟಲಾಗದಷ್ಟು ಬಿಸಿ. ಆಮೇಲೆ ಇನ್ನೊಬ್ಬರು ಹೇಳಿದಂತೆ ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಪೂರ್ತಿ ಬಿಟ್ಟೆ. ನಡುವೆ ಗಾಳಿಗೆ ರಿಮ್ ತಣ್ಣಗಾಗುತ್ತದೆ. ಆರಾಮಾಗಿ ಇಳಿದೆವು.

ಜಿಗಣೆಗೆ ಸಾಕ್ಸ್ ಮೇಲೆ ಉಪ್ಪು ಹಾಕಿದ್ದು ಮಾತ್ರ ದಂಡ, ಮಳೆಗೆ ತೊಳೆದುಹೋಯಿತು. ಕಚ್ಚಿದ ಮೇಲೆ ರಕ್ತ ನಿಲ್ಲದೆ ಗಾಬರಿಯಾಯಿತು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಇರುತ್ತದಂತೆ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು ಎಂದು ತೋಟದವರು ನಕ್ಕರು.

ಹಾಂ, ಹೋಂಸ್ಟೇಯಲ್ಲಿ ಸೈಕಲ್ ತೊಳೆಯಲು ಪೈಪ್ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ. ಕೆಂಪು ಮಣ್ಣು ಇನ್ನೂ ಚೈನಿನಲ್ಲೇ ಇದೆ.