ಹಳೆಯ ಹಿಮವಾಹನಗಳ ಸ್ಟಿಯರಿಂಗ್ ಡಿಫರೆನ್ಷಿಯಲ್ ಮೂಲ ಎಲ್ಲಿಯದು?

ಪ್ರಶ್ನೆ: ಎರಡನೇ ಮಹಾಯುದ್ಧದ ಅಮೆರಿಕನ್ ಸೇನೆಯ ಹಿಮವಾಹನ ಎಂ29 ವೀಸಲ್‌ನಲ್ಲಿ ಸ್ಟಿಯರಿಂಗ್ ಚಕ್ರವೇ ಇಲ್ಲ, ಎರಡು ಲಿವರ್ ಅಷ್ಟೆ. ಒಂದನ್ನು ಎಳೆದರೆ ಆ ಬದಿಯ ಟ್ರ್ಯಾಕ್ (ಚಕ್ರಗಳ ಸುತ್ತ ಸುತ್ತುವ ಪಟ್ಟಿ) ನಿಲ್ಲೋದಿಲ್ಲ, ನಿಧಾನವಾಗುತ್ತೆ. ಈ ಸ್ಟಿಯರಿಂಗ್ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡೂ ಬದಿಗೆ ಹಂಚಿ ಗಾಡಿ ತಿರುಗಿಸುವ ಗೇರುಗಳ ಜೋಡಣೆ) ಹಿಮಕ್ಕೆಂದೇ ಕಂಡುಹಿಡಿದದ್ದಾ?

ಉತ್ತರ: ಇಲ್ಲ ಸರ್, ಇದು ಹೊಲದಿಂದ ಬಂದದ್ದು. ಅಮೆರಿಕದ ರೋಲಿನ್ ವೈಟ್ ಅವರ ಕ್ಲೆಟ್ರಾಕ್ ಟ್ರ್ಯಾಕ್ಟರ್‌ಗಳಿಂದಲೇ ಇದು ಹೆಸರಾಯಿತು. ನನಗೆ ತುಂಬ ಇಷ್ಟವಾದ ಯಂತ್ರ ಇದು. ಡಿಫರೆನ್ಷಿಯಲ್ ಒಳಗೆ ಹೆಚ್ಚುವರಿ ಪ್ಲಾನೆಟರಿ ಗೇರುಗಳು (ಇನ್ನೊಂದು ಗೇರಿನ ಸುತ್ತ ಸುತ್ತುವ ಸಣ್ಣ ಗೇರುಗಳು), ಎರಡೂ ಬದಿಗೆ ಒಂದೊಂದು ಬ್ರೇಕ್ ಡ್ರಮ್. ಎಡಗಡೆ ಡ್ರಮ್ಮನ್ನು ಅದರ ಸುತ್ತಲಿನ ಬ್ರೇಕ್ ಪಟ್ಟಿ, ಅಂದರೆ ಬ್ಯಾಂಡ್, ಬಿಗಿಹಿಡಿದರೆ ಎಡ ಟ್ರ್ಯಾಕ್ ಎಷ್ಟು ನಿಧಾನವಾಗುತ್ತೋ ಬಲ ಟ್ರ್ಯಾಕ್ ಅಷ್ಟೇ ಜೋರಾಗುತ್ತೆ. ಎಂಜಿನ್ ಬಲ ಎರಡಕ್ಕೂ ಹೋಗ್ತಾನೇ ಇರುತ್ತೆ. ಮೆದು ಹಿಮದಲ್ಲಿ ಇದೇ ಮುಖ್ಯ: ಒಂದು ಟ್ರ್ಯಾಕ್ ಪೂರ್ತಿ ನಿಂತರೆ ಇನ್ನೊಂದು ಹಿಮ ಕೊರೆದು ಹೂತುಕೊಳ್ಳುತ್ತೆ. ನಿಂತಲ್ಲೇ ತಿರುಗೋಕೆ ಮಾತ್ರ ಆಗಲ್ಲ.

ಇನ್ನೊಂದು ಉತ್ತರ: ಎಲ್ಲ ಹಿಮವಾಹನಕ್ಕೂ ಇದೇ ಅಂದ್ಕೋಬೇಡಿ. ಟಕರ್ ಸ್ನೋಕ್ಯಾಟ್‌ಗೆ ನಾಲ್ಕು ಟ್ರ್ಯಾಕ್, ಆಕ್ಸಲ್ಲೇ ತಿರುಗುತ್ತೆ. ಬೊಂಬಾರ್ಡಿಯರ್ ಬಿ12ಗೆ ಮುಂದೆ ಸ್ಕೀ. 1957-58ರಲ್ಲಿ ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ಅಂಟಾರ್ಕ್ಟಿಕಾ ದಾಟಲು ಹೊರಟಾಗ ಸ್ನೋಕ್ಯಾಟ್, ವೀಸಲ್ ಎರಡೂ ಇದ್ದವು.

ಪ್ರಶ್ನೆ ಕೇಳಿದವರು: ಹಾಗಾದ್ರೆ ಬ್ಯಾಂಡ್ ಎಣ್ಣೆಯೊಳಗೇ ಇರುತ್ತಾ?

ಉತ್ತರ: ಕ್ಲೆಟ್ರಾಕ್‌ನಲ್ಲಿ ಹೌದು.