ಯುಯುಸಿಪಿ (ಯುನಿಕ್ಸ್ ಯಂತ್ರಗಳು ಒಂದಕ್ಕೊಂದು ಫೋನ್ ಮಾಡಿ ಫೈಲ್, ಮೇಲ್ ದಾಟಿಸುವ ಹಳೇ ವ್ಯವಸ್ಥೆ) ಮೇಲ್ ಜಾಲ ನಡೆಸಿದವರು ಇದ್ದೀರಾ? ಏನೇನು ಕೈಕೊಡುತ್ತೆ?

ಕಾಲೇಜಿನ ಪ್ರದರ್ಶನಕ್ಕೆ ಮೂರು ಹಳೇ ಯುನಿಕ್ಸ್ ಯಂತ್ರಗಳನ್ನು ಮೋಡೆಮ್‌ನಲ್ಲಿ ಜೋಡಿಸಿ, 80ರ ದಶಕದ ಹಾಗೆ ಮೇಲ್ ಕಳಿಸಿ ತೋರಿಸಬೇಕು. ತೊಂದರೆ ಎಲ್ಲೆಲ್ಲಿ ಬರುತ್ತದೆ, ಅನುಭವ ಇದ್ದವರು ತಿಳಿಸಿ.

*

90ರ ದಶಕದ ಶುರುವಿನಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಇದೇ ನನ್ನ ಕೆಲಸ. ರಾತ್ರಿ 11ರ ಮೇಲೆ ಎಸ್‌ಟಿಡಿ ಕಾಲು ದರ, ಹಾಗಾಗಿ ಮೇಲ್ ಎಲ್ಲ ಆಗಲೇ ಹೋಗಬೇಕಿತ್ತು. ದೊಡ್ಡ ತಲೆನೋವು ಏನಂದರೆ, ಇದು ಕೆಟ್ಟರೆ ಸದ್ದೇ ಮಾಡುವುದಿಲ್ಲ. ಕರೆ ಮಧ್ಯೆ ಕಡಿದು ಪ್ರೋಗ್ರಾಂ ಸತ್ತರೆ, ಮೋಡೆಮ್ ಬಳಕೆಯಲ್ಲಿದೆ ಅನ್ನುವ ಗುರುತಿಗೆ ಅದು ಇಟ್ಟ ಲಾಕ್ ಫೈಲ್ ಅಲ್ಲೇ ಉಳಿಯುತ್ತದೆ, ಮೋಡೆಮ್ ಬೇರೆಯವರ ಕೈಯಲ್ಲಿದೆ ಅಂದುಕೊಂಡು ಮುಂದಿನ ಕರೆಗಳೆಲ್ಲ ಸುಮ್ನೆ ವಾಪಸ್, ಬೆಳಿಗ್ಗೆ ನೋಡಿದರೆ ಸ್ಪೂಲ್ ಡೈರೆಕ್ಟರಿಯಲ್ಲಿ (ಹೋಗಬೇಕಾದ ಮೇಲ್ ಕಾಯುವ ಜಾಗ) ಮೇಲ್ ರಾಶಿ. ಲಾಕ್ ಫೈಲ್ ಒಳಗೆ ಪ್ರೊಸೆಸ್ ನಂಬರ್ ಇರುತ್ತದೆ. ಆ ಪ್ರೊಸೆಸ್ ಬದುಕಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಳಿಸಿ. ಆಮೇಲೂ ಕರೆ ಹೋಗದೆ ಲಾಗ್‌ನಲ್ಲಿ ‘ರಿಟ್ರೈ ಟೈಮ್ ನಾಟ್ ರೀಚ್ಡ್’ (ಮತ್ತೆ ಯತ್ನಿಸುವ ಹೊತ್ತು ಬಂದಿಲ್ಲ) ಅಂತ ಬಂದರೆ, ಹಿಂದಿನ ಕರೆ ಸೋತದ್ದನ್ನು ಬರೆದಿಟ್ಟ ಸ್ಟೇಟಸ್ ಫೈಲನ್ನೂ ತೆಗೆಯಬೇಕು.

ಸೀರಿಯಲ್ ಲೈನಿನಲ್ಲಿ ಎಕ್ಸಾನ್-ಎಕ್ಸಾಫ್ (ಎರಡು ವಿಶೇಷ ಅಕ್ಷರ ಕಳಿಸಿ ‘ನಿಲ್ಲು’, ‘ಮುಂದುವರಿ’ ಅನ್ನುವ ಪದ್ಧತಿ) ಹಾಕಲೇಬೇಡಿ. ಯುಯುಸಿಪಿ ಫೈಲ್ ದಾಟಿಸಲು ಬಳಸುವ ಜಿ ಪ್ರೋಟೊಕಾಲಿಗೆ ಪೂರ್ತಿ 8 ಬಿಟ್ ಬೇಕು, ಆ ಎರಡು ಅಕ್ಷರಗಳೂ ಹಾಗೇ ದಾಟಬೇಕು. ಲಾಗಿನ್ ಆಗುತ್ತದೆ, ಫೈಲ್ ಮಾತ್ರ ದಾಟುವುದಿಲ್ಲ ಅನ್ನುವ ಕಾಟಕ್ಕೆ ಎಷ್ಟೋ ಸಲ ಇದೇ ಕಾರಣ.

*

ಹೆಸರಿನ ಬಗ್ಗೆಯೂ ಹುಷಾರು. ಹಳೇ ಆವೃತ್ತಿಗಳು ಯಂತ್ರದ ಹೆಸರಿನಲ್ಲಿ ಮೊದಲ 7 ಅಕ್ಷರ ಮಾತ್ರ ನೋಡುತ್ತವೆ. ಇಂಗ್ಲಿಷಿನಲ್ಲಿ ಬ್ಯಾಂಗಲೋರ್1, ಬ್ಯಾಂಗಲೋರ್2 ಅಂತ ಇಟ್ಟರೆ ಎರಡೂ ಒಂದೇ ಆಗಿಬಿಡುತ್ತವೆ. ವಿಳಾಸದಲ್ಲಿ ! (ಯಂತ್ರ!ಬಳಕೆದಾರ) ಮತ್ತು @ (ಬಳಕೆದಾರ@ಯಂತ್ರ) ಎರಡನ್ನೂ ಬೆರೆಸಬೇಡಿ, ಯಾವುದನ್ನು ಮೊದಲು ಓದಬೇಕು ಅನ್ನುವುದು ಒಂದೊಂದು ಯಂತ್ರಕ್ಕೆ ಒಂದೊಂದು ಥರ. ಇನ್ನೊಂದು, ಗೊತ್ತಿಲ್ಲದ ವಿಳಾಸವನ್ನು ಪಕ್ಕದವನಿಗೆ ದಾಟಿಸು ಅಂತ ಎರಡೂ ಕಡೆ ಬರೆದರೆ ಒಂದೇ ಮೇಲ್ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತದೆ, ಪ್ರತಿ ಓಡಾಟಕ್ಕೂ ಫೋನ್ ಬಿಲ್ ನಿಮ್ಮದೇ ಅಲ್ವಾ?

*

ನಾನು ಫಿಡೋನೆಟ್ (ಬುಲೆಟಿನ್ ಬೋರ್ಡ್ ಕಂಪ್ಯೂಟರ್‌ಗಳು ಒಂದಕ್ಕೊಂದು ಫೋನ್ ಮಾಡಿ ಮೇಲ್ ದಾಟಿಸುವ ಇನ್ನೊಂದು ಜಾಲ) ಕಡೆಯವನು, ಆದರೂ ಒಂದು ಮಾತು. ಹೊಸ ನಂಬರನ್ನು ಪಟ್ಟಿಗೆ ಸೇರಿಸುವ ಮೊದಲು ಹಗಲಲ್ಲೇ ಕೈಯಾರೆ ಡಯಲ್ ಮಾಡಿ, ಆ ಕಡೆ ಮೋಡೆಮ್ ಕಿರುಚುವುದನ್ನು ಕಿವಿಯಾರೆ ಕೇಳಿ. ಫಿಡೋನೆಟ್ ಕಟ್ಟಿದ ಟಾಮ್ ಜೆನಿಂಗ್ಸ್ ಬರೆದಿದ್ದಾರೆ: ಅವರ ಶುರುವಿನ ದಿನಗಳಲ್ಲಿ, ಅಂದರೆ 1984ರ ಸುಮಾರಿಗೆ, ಪಟ್ಟಿಯಲ್ಲಿ ಒಂದು ತಪ್ಪು ನಂಬರ್ ಸೇರಿ, ಪಾಪ ಒಬ್ಬ ವಯಸ್ಸಾದ ಹೆಂಗಸಿನ ಮನೆಗೆ ರಾತ್ರಿ ಹೊತ್ತು ಕಂಪ್ಯೂಟರ್‌ಗಳು ಕರೆ ಮಾಡುತ್ತಿದ್ದವಂತೆ. ಎತ್ತಿದರೆ ಮಾತಾಡುವವರೇ ಇಲ್ಲ!